ಕೋಲಾರದ ಹೆಸರು ಕೋಲಾಹಲದಿಂದ ಬಂತೇ?

ಕೋಲಾರದವನೆಂದು ಗೊತ್ತಾದ ಕೂಡಲೇ ಹೊರಗಿನವರು ಚಿನ್ನದ ಗಣಿಯ ಬಗ್ಗೆ ಕೇಳುತ್ತಾರೆ. (ಗಣಿ ಇರುವುದು ಸುಮಾರು 30 ಕಿಲೋಮೀಟರ್ ಆಚೆ, ಊರಿನ ಹೆಸರನ್ನು ಎರವಲು ಪಡೆದದ್ದು ಗಣಿಯೇ.) ನಮ್ಮೂರಿನವರೇ ಕೇಳುವ ಪ್ರಶ್ನೆ ಬೇರೆ: ‘ಕೋಲಾಹಲಪುರವೇ ಕೋಲಾರವಾಯಿತಂತೆ, ಹೌದೇ ಸಾರ್?’ ಜಮದಗ್ನಿಯ ಹಸುವಿಗೆ ಕಾರ್ತವೀರ್ಯಾರ್ಜುನ ಆಸೆಪಟ್ಟದ್ದು, ಪರಶುರಾಮ ಅವನನ್ನು ಕೊಂದದ್ದು, ಆ ಗದ್ದಲ ಶತಶೃಂಗ ಪರ್ವತದಲ್ಲೆಲ್ಲ ಮೊಳಗಿದ್ದು. ಅಂತರಗಂಗೆಯ ಮೆಟ್ಟಿಲು ಹತ್ತುವ ಮಕ್ಕಳಿಗೂ ಈ ಕಥೆ ಗೊತ್ತು.

ಅಲ್ಲ ಎಂಬುದೇ ನನ್ನ ಉತ್ತರ. ಶಾಸನಗಳಲ್ಲಿರುವ ಹಳೆಯ ರೂಪ ಕುವಳಾಲ. ಗಂಗರು ನಾಲ್ಕನೆಯ ಶತಮಾನದಲ್ಲಿ ಇಲ್ಲಿಂದ ಆಳ್ವಿಕೆ ಆರಂಭಿಸಿ ಆಮೇಲೆ ತಲಕಾಡಿಗೆ ಹೋದರು. ರಾಜಧಾನಿ ಹೋಯಿತು, ಬಿರುದು ಹೋಗಲಿಲ್ಲ. ಶತಮಾನಗಳ ನಂತರವೂ ಗಂಗರಸರು ತಮ್ಮನ್ನು ‘ಕುವಳಾಲಪುರವರೇಶ್ವರ, ನಂದಗಿರಿನಾಥ’ ಎಂದೇ ಕರೆದುಕೊಂಡರು. ನಂದಗಿರಿ ಎಂದರೆ ನೆರೆಯ ಚಿಕ್ಕಬಳ್ಳಾಪುರದ ನಂದಿಬೆಟ್ಟ. ಹನ್ನೊಂದನೆಯ ಶತಮಾನದ ಹೊತ್ತಿಗೆ ಚೋಳರು ಬಂದು ಸೀಮೆಗೆ ‘ನಿಗರಿಲಿಚೋಳ ಮಂಡಲ’ ಎಂದು ಹೆಸರಿಟ್ಟರು. ಆದರೆ ಅವರ ತಮಿಳು ಶಾಸನಗಳಲ್ಲೂ ಅದರೊಳಗಿನ ನಾಡು ಕುವಳಾಲ ನಾಡೇ. ಕೋಲಾರಮ್ಮನ ಗುಡಿಗೆ ಹೋದವರು ದೇವಿಗೆ ಕೈಮುಗಿದ ಮೇಲೆ ಅಲ್ಲಿನ ತಮಿಳು ಬರಹಗಳ ಕಡೆಗೂ ಒಮ್ಮೆ ಕಣ್ಣು ಹಾಯಿಸಬೇಕು.

ಕುವಳಾಲ ಎಂದು ಬೇಗ ಬೇಗ ಹೇಳಿ ನೋಡಿ. ‘ಉವ’ ಕೂಡಿಕೊಂಡು ‘ಓ’ ಆಗುತ್ತದೆ: ಕೋಳಾಲ. ಒಂದರ ಹಿಂದೆ ಒಂದು ಬರುವ ಳಕಾರ ಲಕಾರಗಳಲ್ಲಿ ನಾಲಿಗೆ ತೊಡರುತ್ತದೆ. ಕೊನೆಯದು ‘ರ’ ಆದರೆ ಸಲೀಸು. ಇದಕ್ಕೆ ಯುದ್ಧವೇನೂ ಬೇಕಿಲ್ಲ.

ಹಾಗಾದರೆ ಕೋಲಾಹಲ ಎಲ್ಲಿಂದ ಬಂತು? ಸಂಸ್ಕೃತ ಬಲ್ಲವರ ಕಿವಿಗೆ ಕೋಳಾಲ ಹಾಗೆ ಕೇಳಿಸಿರಬೇಕು. ಇದಕ್ಕೆ ಸೊಗಸಾದ ಸಾಕ್ಷಿ ಸಿಗುವುದು ನಮ್ಮಲ್ಲಲ್ಲ, ದೂರದ ಕಳಿಂಗದಲ್ಲಿ. ಅಲ್ಲಿ ಆಳಿದ ಗಂಗರು ತಮ್ಮ ಮೂಲ ಗಂಗವಾಡಿ ಎನ್ನುತ್ತಿದ್ದರು. ಅನಂತವರ್ಮ ಚೋಡಗಂಗನ ಶಕ 1040ರ, ಅಂದರೆ ಸುಮಾರು ಕ್ರಿ.ಶ. 1118ರ ತಾಮ್ರಶಾಸನ ಹೇಳುವಂತೆ, ಕೋಲಾಹಲ ಎಂಬ ರಾಜ ಗಂಗವಾಡಿಯಲ್ಲಿ ಕೋಲಾಹಲಪುರವನ್ನು ಕಟ್ಟಿದ. ಪರಶುರಾಮನೂ ಇಲ್ಲ, ಗದ್ದಲವೂ ಇಲ್ಲ! ನಮ್ಮವರ ಪಾಲಿಗೆ ಸದ್ದಾದದ್ದು ಅವರ ಪಾಲಿಗೆ ಪೂರ್ವಜನಾದ. ನಿಜವಾಗಿ ಆ ಯುದ್ಧದಿಂದಲೇ ಹೆಸರು ಹುಟ್ಟಿದ್ದರೆ ಈ ಊರಿನ ಮೂಲವನ್ನೇ ಹೊಗಳಿಕೊಳ್ಳುವ ವಂಶ ಅದನ್ನು ಬಿಡುತ್ತಿತ್ತೇ?

ಆಮೇಲಿನ ಮಾರ್ಪಾಡುಗಳು ಸಣ್ಣವು. ತೆಲುಗಿನಲ್ಲಿ ಕೊನೆಗೆ ಉಕಾರ ಸೇರಿ ಕೋಲಾರು, ಇಂಗ್ಲಿಷಿನಲ್ಲಿ ಬಾಲ ಕತ್ತರಿಸಿ ಕೋಲಾರ್.

ಪರಶುರಾಮನ ಕಥೆಯನ್ನು ಬಿಡಿ ಎಂದು ನಾನು ಹೇಳುತ್ತಿಲ್ಲ. ಬೆಟ್ಟ ಹತ್ತುವಾಗ ಅದಕ್ಕಿಂತ ಒಳ್ಳೆಯ ಕಥೆ ಬೇಕೇ? ಶಾಲೆಯ ಗೋಡೆಯ ಮೇಲೆ ಊರಿನ ಹಳೆಯ ಹೆಸರು ಬರೆಯುವವರು ಮಾತ್ರ ದಯವಿಟ್ಟು ಕುವಳಾಲ ಎಂದು ಬರೆಯಲಿ, ಳಕಾರ ತಪ್ಪದಂತೆ.