ಎಣ್ಣೆ ಕುಲುಮೆ ಮತ್ತು ನನ್ನ ರೇಟಿಂಗ್ ಶೀಟು

ಈ ಜನವರಿಯಲ್ಲಿ ಪೀಣ್ಯದ ಒಂದು ಬೋಲ್ಟ್ ಕಾರ್ಖಾನೆಗೆ ಇನ್‌ಸ್ಪೆಕ್ಷನ್‌ಗೆ ಹೋಗಿದ್ದೆ. ಬ್ಯಾಂಕಿನಲ್ಲಿ ಸಾಲದ ಫೈಲು ನೋಡುವವಳು ನಾನು. ಸಿಸಿ, ಅಂದರೆ ದಿನದ ವಹಿವಾಟಿನ ಕ್ಯಾಶ್ ಕ್ರೆಡಿಟ್ ಸಾಲದ ರಿನ್ಯೂವಲ್, ಜೊತೆಗೊಂದು ಹೊಸ ಟರ್ಮ್ ಲೋನ್. ಹಳೇ ಪಾರ್ಟಿ, ಒಂದು ಕಂತೂ ತಪ್ಪಿಲ್ಲ. ಅರ್ಧ ಗಂಟೆ ಕೆಲಸ ಅಂದುಕೊಂಡಿದ್ದೆ.

ಸ್ಟಾಕ್ ನೋಡಿ ಮುಗಿಸುವಾಗ ಮಾಲೀಕರು ಒಂದು ಮೇಲ್‌ನ ಪ್ರಿಂಟ್ ಮುಂದಿಟ್ಟರು. ಜರ್ಮನಿಯ ಗಿರಾಕಿಯದು. ಒಂದು ಟನ್ ಬೋಲ್ಟಿಗೆ ಎಷ್ಟು ಇಂಗಾಲ ಹೊರಬಿತ್ತು, ಲೆಕ್ಕ ಕಳಿಸಿ ಅಂತ. ಐರೋಪ್ಯ ಒಕ್ಕೂಟದ ಗಡಿ ಇಂಗಾಲ ಸುಂಕ, ಅಂದರೆ ಸಿಬ್ಯಾಮ್, 2023ರ ಅಕ್ಟೋಬರ್‌ನಿಂದ ಬರೀ ವರದಿ ಕೇಳುತ್ತಿತ್ತು. 2026ರ ಜನವರಿ 1ರಿಂದ ದುಡ್ಡಿನ ಲೆಕ್ಕ. ಬೋಲ್ಟು, ಸ್ಕ್ರೂ ಕೂಡ ಪಟ್ಟಿಯಲ್ಲಿವೆ. ಕಟ್ಟುವವನು ಅಲ್ಲಿನ ಆಮದುದಾರ. ಆದರೆ ಯಾರ ರೇಟಿನಲ್ಲಿ ಮುರಿದುಕೊಳ್ಳುತ್ತಾನೆ ಅಂತ ಹೇಳಬೇಕಾಗಿಲ್ಲ, ಅಲ್ವಾ? ಇವರ ವಹಿವಾಟಿನ ಅರ್ಧ ಆ ಒಬ್ಬನದೇ.

“ಬನ್ನಿ ಮೇಡಂ, ತೋರಿಸ್ತೀನಿ” ಅಂತ ಒಳಗೆ ಕರೆದರು. ದಪ್ಪ ಬೋಲ್ಟಿಗೆ ಸರಳು ಕಾಯಿಸುವ ಫರ್ನೇಸ್ ಆಯಿಲ್ ಕುಲುಮೆ. ಗೋಡೆಯೆಲ್ಲ ಮಸಿ. ನನ್ನ ದುಪಟ್ಟಾಗೂ ಹತ್ತಿತು, ಇನ್ನೂ ಹೋಗಿಲ್ಲ. ಇದನ್ನು ಕಿತ್ತು ಕರೆಂಟಿನಲ್ಲಿ ಕಾಯಿಸುವ ಇಂಡಕ್ಷನ್ ಹೀಟರ್ ಹಾಕಲಿಕ್ಕೇ ಆ ಟರ್ಮ್ ಲೋನ್. ಪಕ್ಕದ ಬೀದಿಯ ಶೆಡ್‌ನಲ್ಲಿ ಅದು ಆಗಲೇ ಓಡುತ್ತಿತ್ತು. ತಾಮ್ರದ ಸುರುಳಿಯೊಳಗೆ ಹೋದ ಸರಳು ನೋಡನೋಡುತ್ತಲೇ ಕೆಂಡದಂತೆ ಹೊರಬಂತು. ಹೊಗೆಯೇ ಇಲ್ಲ.

ಹಾಗಂತ ಎಲ್ಲ ಸರಿಹೋಗುವುದಿಲ್ಲ. ಬೋಲ್ಟಿನ ಇಂಗಾಲದಲ್ಲಿ ದೊಡ್ಡ ಪಾಲು ಕೊಂಡು ತರುವ ಉಕ್ಕಿನದು. ಅದಿರು ಕರಗಿಸುವ ಊದುಕುಲುಮೆಯ (ಬ್ಲಾಸ್ಟ್ ಫರ್ನೇಸ್) ಉಕ್ಕಾದರೆ ಟನ್ನಿಗೆ ಎರಡು ಟನ್‌ಗೂ ಜಾಸ್ತಿ ಇಂಗಾಲದ ಡೈಆಕ್ಸೈಡ್ ಮೊದಲೇ ಅದರ ಲೆಕ್ಕಕ್ಕೆ ಬಿದ್ದಿರುತ್ತದೆ. ಗುಜರಿ ಕರಗಿಸಿದ್ದಾದರೆ ಎಷ್ಟೋ ಕಡಿಮೆ, ಆದರೆ ಬೇಕಾದ ಗ್ರೇಡ್ ಸಿಗಬೇಕಲ್ಲ.

ಆಫೀಸಿಗೆ ಬಂದು, ಸಾಲ ಎಷ್ಟು ಸೇಫ್ ಅಂತ ಅಳೆಯುವ ರೇಟಿಂಗ್ ಶೀಟಿನಲ್ಲಿ ಅಂಕಿ ತುಂಬಿದೆ. ಸಾಲ ಏರಿತು, ಡಿಎಸ್‌ಸಿಆರ್ (ಕಂತು-ಬಡ್ಡಿ ಕಟ್ಟಲು ಆದಾಯ ಎಷ್ಟರಮಟ್ಟಿಗೆ ಸಾಲುತ್ತದೆ ಅನ್ನುವ ಅನುಪಾತ) ಇಳಿಯಿತು, ರೇಟಿಂಗ್ ಒಂದು ಮೆಟ್ಟಿಲು ಕೆಳಗೆ. ಸುಮ್ನೆ ಆ ಲೋನ್ ತೆಗೆದು ನೋಡಿದೆ. ರೇಟಿಂಗ್ ಮೊದಲಿನಂತೆ! ಅಂದರೆ ಹಳೇ ಕುಲುಮೆ ಇಟ್ಟುಕೊಂಡು ಗಿರಾಕಿ ಕಳೆದುಕೊಳ್ಳುವವನು ನಮ್ಮ ಕಣ್ಣಿಗೆ ಸೇಫ್. ಬದಲಾಗಲು ಹೊರಟವನು ರಿಸ್ಕ್. ಶೀಟಿಗೆ ಗೊತ್ತಿರುವುದು ಹಿಂದಿನ ಮೂರು ವರ್ಷದ ಬ್ಯಾಲೆನ್ಸ್ ಶೀಟ್, ಈಗ ಕೇಳಿದ ಸಾಲ, ಇಷ್ಟೇ. ಆ ಮೇಲ್ ಹಾಕಲು ಅದರಲ್ಲಿ ಕಾಲಮ್ಮೇ ಇಲ್ಲ.

ಕೊನೆಗೆ ಷರಾ ಜಾಗದಲ್ಲಿ ನಾಲ್ಕು ಸಾಲು ಬರೆದು, ಮೇಲ್ ಲಗತ್ತಿಸಿ ಕಳಿಸಿದೆ. ಮೂರನೇ ದಿನ ಮೇಲಿನಿಂದ ಫೈಲು ವಾಪಸ್ ಬಂತು. ಪೆನ್ಸಿಲ್‌ನಲ್ಲಿ ಒಂದೇ ಪ್ರಶ್ನೆ: “ಹಳೇ ಕುಲುಮೆ ಚೆನ್ನಾಗೇ ಓಡುತ್ತಿದೆಯಲ್ಲ?”