ನಾನು ಕತ್ತರಿಸಿದ ಎರಡನೇ ಚರಣ

ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸೋದು ನನ್ನ ಕಸುಬು. ನವೆಂಬರ್ ನಮಗೆ ಸುಗ್ಗಿ. 1ನೇ ತಾರೀಖು ಶುರುವಾದ ರಾಜ್ಯೋತ್ಸವ ಕೆಲವು ಬಡಾವಣೆಗಳಲ್ಲಿ ಡಿಸೆಂಬರ್‌ಗೂ ಕಾಲಿಡುತ್ತೆ. ಯಾವ ಸ್ಟೇಜೇ ಇರಲಿ, ‘ಹುಟ್ಟಿದರೆ ಕನ್ನಡ ನಾಡಲ್ಲಿ ಹುಟ್ಟಬೇಕು’ ಹಾಡದೆ ವೈರು ಸುತ್ತೋ ಹಾಗಿಲ್ಲ.

ಒಂದು ವರ್ಷ ಭಾಷಣಗಳು ಎಳೆದೂ ಎಳೆದೂ ಹತ್ತು ಗಂಟೆಗೆ ಐದೇ ನಿಮಿಷ ಉಳೀತು. ಪೊಲೀಸರು ಆಗಲೇ ಸ್ಟೇಜ್ ಪಕ್ಕ ಬಂದು ನಿಂತಿದ್ದರು. ಮೊದಲನೇ ಚರಣ ಮುಗೀತಿದ್ದಂತೆ ಗಾಯಕನಿಗೆ ಎರಡು ಬೆರಳಲ್ಲಿ ಕತ್ತರಿ ಆಡಿಸಿ ತೋರಿಸಿದೆ. ಅವನು ನೇರ ಮೂರನೇದಕ್ಕೆ ಹಾರಿದ. ಜನ ಶಿಳ್ಳೆ ಹೊಡೆದರು, ಕುಣಿದರು. ಯಾರಿಗೂ ಗೊತ್ತಾಗಲಿಲ್ಲ ಅಂದುಕೊಂಡೆ.

ಕೀಬೋರ್ಡ್ ಚೀಲಕ್ಕೆ ಹಾಕ್ತಿದ್ದಾಗ ಒಬ್ಬರು ಹಿರಿಯರು ಮೆಟ್ಟಿಲ ಹತ್ತಿರ ಬಂದರು. “ಚೆನ್ನಾಗಿ ನುಡಿಸಿದ್ರಿ. ಆದರೆ ಗೋಕಾಕರನ್ನ ನುಂಗಿಬಿಟ್ರಲ್ಲ!”

ನನಗೆ ಅರ್ಥವೇ ಆಗಲಿಲ್ಲ. ಹದಿನೈದು ವರ್ಷ ಈ ಹಾಡು ನುಡಿಸಿದವನು ನಾನು. ‘ಗೋಕಾಕಿನ ಕನ್ನಡ’ ಅಂದರೆ ಊರು, ಜಲಪಾತ, ಕರದಂಟು ಅಂದುಕೊಂಡೇ ಇದ್ದೆ.

ಮನೆಗೆ ಬಂದು ಸಾಹಿತ್ಯ ಮುಂದಿಟ್ಟುಕೊಂಡು ಕೂತೆ. 1993ರ ‘ಆಕಸ್ಮಿಕ’ದ ಹಾಡು. ತರಾಸು ಕಾದಂಬರಿಗಳನ್ನು ಆಧರಿಸಿ ನಾಗಾಭರಣ ಮಾಡಿದ ಸಿನಿಮಾ. ಸಾಹಿತ್ಯ, ಸಂಗೀತ ಎರಡೂ ಹಂಸಲೇಖ. ನಾನು ಕತ್ತರಿಸಿದ ಚರಣದಲ್ಲಿ ಕುವೆಂಪು, ಬೇಂದ್ರೆ, ಕಾರಂತ, ಮಾಸ್ತಿ ಸಾಲಾಗಿ ಬರ್ತಾರೆ, ಕೊನೆಗೆ ಗೋಕಾಕ್. ಆ ಹೊತ್ತಿಗೆ ಕನ್ನಡಕ್ಕೆ ಬಂದಿದ್ದ ಜ್ಞಾನಪೀಠ ಐದೇ, ಐವರೂ ಅಲ್ಲಿದ್ದಾರೆ! ಅದೇ ಚರಣದಲ್ಲಿ ಸ್ವಲ್ಪ ಮೇಲೆ ‘ಜ್ಞಾನಕ್ಕೆ ಪೀಠ’ ಅಂತ ಬೇರೆ ಇದೆ. ಸುಮ್ಮನೆ ಕೂತ ಪದ ಅಂದುಕೊಂಡಿದ್ದೆ.

ಗೋಕಾಕ್ ಅನ್ನೋ ಹೆಸರಿಗೆ ಇನ್ನೂ ಒಂದು ಭಾರ ಇದೆ. ಶಾಲೆಗಳಲ್ಲಿ ಕನ್ನಡವೇ ಮೊದಲ ಭಾಷೆ ಆಗಲಿ ಅಂದ ವರದಿ ವಿ.ಕೃ. ಗೋಕಾಕರ ಸಮಿತಿಯದು. ಅದನ್ನು ಜಾರಿ ಮಾಡಿ ಅಂತ 1982ರಲ್ಲಿ ಚಳವಳಿ ನಡೆದಾಗ ಮುಂದೆ ನಿಂತು ಊರೂರು ಸುತ್ತಿದವರು ರಾಜ್‌ಕುಮಾರ್. ಹನ್ನೊಂದು ವರ್ಷ ಕಳೆದ ಮೇಲೆ ಆ ಹೆಸರನ್ನು ಅವರ ಬಾಯಲ್ಲೇ ಹಾಡಿಸಿದ್ದಾರೆ ಹಂಸಲೇಖ. ಆವತ್ತಿನ ಥಿಯೇಟರಲ್ಲಿ ಕೂತವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ನನ್ನಂಥವನಿಗೆ ಹೇಳಬೇಕಾಯ್ತು.

ಪಲ್ಲವಿಯ ಜಟಕಾ ಬಂಡಿ ಡಿವಿಜಿಯವರ ಕಗ್ಗದ್ದು ಅಂತ ಮಾತ್ರ ಮೊದಲೇ ಗೊತ್ತಿತ್ತು. ಅದನ್ನೇ ಎಲ್ಲರ ಮುಂದೆ ಹೇಳಿ ಜಂಬ ಪಡ್ತಿದ್ದೆ!

ಈಗ ಟೈಮ್ ಕಮ್ಮಿ ಇದ್ದರೆ ಚರಣಕ್ಕೆ ಕೈ ಹಾಕಲ್ಲ, ಚರಣಗಳ ನಡುವೆ ನುಡಿಸೋ ನನ್ನ ಬಿಜಿಎಂ ಅರ್ಧ ಮಾಡ್ತೀನಿ. ಕೀಬೋರ್ಡಿನವನಿಗೆ ಅದು ಹೊಟ್ಟೆ ಉರಿಯೋ ಕೆಲಸವೇ, ನಾವು ಮಿಂಚೋದೇ ಅಲ್ಲಿ. ಹಾಡಿನ ಪಟ್ಟಿಯಲ್ಲಿ ಇದರ ಮುಂದೆ ಕೆಂಪು ಇಂಕಲ್ಲಿ ‘ಮೂರೂ ಚರಣ’ ಅಂತ ಬರೆದಿರ್ತೀನಿ. ಹೋದ ನವೆಂಬರಲ್ಲಿ ಹೊಸದಾಗಿ ಸೇರಿದ ಹುಡುಗ ಪ್ರಾಕ್ಟೀಸ್ ನಿಲ್ಲಿಸಿ ಕೇಳಿದ, “ಸರ್, ಗೋಕಾಕ್ ಅಂದ್ರೆ ಫಾಲ್ಸ್ ಅಲ್ವಾ?”

ಪ್ಯಾಡ್ ನುಡಿಸೋವ್ನು ನನ್ನ ಕಡೆ ನೋಡಿ ನಕ್ಕ.