ಮಿನಿ ಕೂಪರ್ ಎಸ್: ಪ್ಲೇಟ್ ಆಮೇಲೆ ನೋಡಿ, ಮೊದಲು ಕ್ರ್ಯಾಂಕ್ ಅಳೆಯಿರಿ

ದಾವಣಗೆರೆ, ಹರಿಹರದ ಕಡೆ ಹಳೇ ಕಾರಿನ ಮಾತು ಎತ್ತಿದರೆ ಸಾಕು, "ಶೋಲಾವರಂನಾಗ ಓಡಿದ ಗಾಡಿ ಸಾರ್ ಇದು" ಅನ್ನುವವರು ಒಬ್ಬರಾದರೂ ಸಿಗುತ್ತಾರೆ. ಮದ್ರಾಸಿನ ಹತ್ತಿರ ಆ ಹಳೇ ವಿಮಾನ ಪಟ್ಟಿಯ ಮೇಲೆ ದಶಕಗಟ್ಟಲೆ ರೇಸ್ ನಡೆದದ್ದು ನಿಜ. ಬ್ರಿಟನ್ನಿನ ಪುಟ್ಟ ಕಾರು ಮಿನಿ, ಅದರ ವೇಗದ ತಳಿ ಕೂಪರ್ ಎಸ್. ಹಾಗಂತ ಶೆಡ್ಡಿನಲ್ಲಿ ತಾಡಪಾಲು ಹೊದ್ದು ನಿಂತ ಮಿನಿಯೆಲ್ಲ ಕೂಪರ್ ಎಸ್ ಆಗಿಬಿಡುವುದಿಲ್ಲ. ಸಾದಾ 850 ಸಿಸಿ ಮಿನಿಗೆ ಬ್ಯಾಡ್ಜ್ ಹಚ್ಚಿ, ತೂತಿನ ವೀಲು ಹಾಕಿ, ಬೇರೆ ಕಾರಿನ 1275 ಎಂಜಿನ್ ಕೂರಿಸಿದರೆ ನೋಡಲು ಎರಡೂ ಒಂದೇ. ಮಾಂಟೆ ಕಾರ್ಲೋ ರ‍್ಯಾಲಿಯನ್ನು 1964, 1965, 1967ರಲ್ಲಿ ಗೆದ್ದ ಕಾರು ಕೂಪರ್ ಎಸ್, ಹಾಗಾಗಿ ಬೆಲೆಯ ವ್ಯತ್ಯಾಸ ದೊಡ್ಡದು, ನಕಲಿಯ ಆಸೆಯೂ ದೊಡ್ಡದು.

ಎಲ್ಲರೂ ಮೊದಲು ಬಾನೆಟ್ ಎತ್ತಿ ಚಾಸಿ ಪ್ಲೇಟಿನ ಫೋಟೋ ಹೊಡೆಯುತ್ತಾರೆ. ಪ್ಲೇಟ್ ಅಂದರೆ ರಿವೆಟ್ ಹೊಡೆದ ತಗಡು ಅಷ್ಟೇ. ಎರಡು ರಿವೆಟ್ ಕಿತ್ತರೆ ಇನ್ನೊಂದು ಕಾರಿಗೆ ಹೋಗುತ್ತದೆ. ಎಂಜಿನ್ ನಂಬರಿನದೂ ಅದೇ ಕಥೆ, ಅದೂ ಬ್ಲಾಕಿಗೆ ರಿವೆಟ್ ಮಾಡಿದ ಪಟ್ಟಿಯೇ. ಇನ್ನೊಂದು ಗೊಂದಲ: ಒಂದೇ ಕಾರನ್ನು ಆಸ್ಟಿನ್, ಮಾರಿಸ್ ಎಂಬ ಎರಡು ಹೆಸರಲ್ಲಿ ಮಾರುತ್ತಿದ್ದರು. ಮೊದಲ ಸರಣಿಯ ಆಸ್ಟಿನ್ ಕಾರಿನ ಚಾಸಿ ನಂಬರ್ ಸಿ-ಎ2ಎಸ್7 ಅಂತ, ಮಾರಿಸ್‌ನದು ಕೆ-ಎ2ಎಸ್4 ಅಂತ ಶುರುವಾಗುತ್ತದೆ. ಅದರೊಳಗಿನ ಎಸ್ ತೋರಿಸಿ "ನೋಡಿ, ಕೂಪರ್ ಎಸ್" ಎನ್ನುತ್ತಾರೆ. ಅಲ್ಲ. 2ಎಸ್ ಅಂದರೆ ಎರಡು ಬಾಗಿಲಿನ ಸಲೂನ್. ಸಾದಾ ಕೂಪರ್‌ಗೂ ಕೂಪರ್ ಎಸ್‌ಗೂ ಇದೇ ಅಕ್ಷರಗಳು. ವ್ಯತ್ಯಾಸ ಎಂಜಿನ್ ನಂಬರಿನಲ್ಲಿ ಇರಬೇಕು. ಮೊದಲ ಸರಣಿಯ 1275 ಎಸ್ ಆದರೆ 9ಎಫ್-ಎಸ್ಎ-ವೈ ಎಂದು ಶುರುವಾಗುತ್ತದೆ.

ಪ್ಲೇಟ್ ಬದಲಿಸಲು ಹತ್ತು ನಿಮಿಷ, ಲೋಹ ಬದಲಿಸಲು ತಿಂಗಳುಗಟ್ಟಲೆ. ಆದ್ದರಿಂದ ಲೋಹದಿಂದಲೇ ಶುರು ಮಾಡಿ.

ಎಂಜಿನ್ ಇಳಿಸದೆ ನೋಡಬಹುದಾದ್ದು ಎರಡು. ಸಿಲಿಂಡರ್ ಹೆಡ್ಡಿನ ಸ್ಟಡ್ (ಹೆಡ್ ಬಿಗಿಯುವ ತಿರುಪು ಕಡ್ಡಿ) ಎಣಿಸಿ. ಸಾದಾ ಮಿನಿಗೆ 9. ಕೂಪರ್ ಎಸ್‌ಗೆ 10 ಸ್ಟಡ್, ಜೊತೆಗೆ ಒಂದು ಬೋಲ್ಟ್, ಒಟ್ಟು 11 ಕಡೆ ಬಿಗಿತ. ಆಮೇಲೆ ಬ್ಲಾಕಿನ ಹಿಂಭಾಗ, ಮ್ಯಾನಿಫೋಲ್ಡಿನ ಕೆಳಗೆ ಟಾರ್ಚ್ ಬಿಡಿ. ಟ್ಯಾಪೆಟ್ (ವಾಲ್ವ್ ತಳ್ಳುವ ಭಾಗ) ಇರುವ ಜಾಗ ಮುಚ್ಚುವ ಕವರ್ ಎರಡು ಕಾಣಬೇಕು. ಸಾಮಾನ್ಯವಾಗಿ ತಂದು ಕೂರಿಸುವ ಮಿನಿ 1275 ಜಿಟಿಯಂಥ ಬ್ಲಾಕಿನಲ್ಲಿ ಆ ಜಾಗ ಮುಚ್ಚಿದ ಎರಕವಾಗಿರುತ್ತದೆ. ಅಂಥ ಬ್ಲಾಕಿಗೆ ಹೆಚ್ಚುವರಿ ಸ್ಟಡ್ ತೂತು ಕೊರೆಯಬಹುದು, ಟ್ಯಾಪೆಟ್ ಕವರ್ ಹುಟ್ಟಿಸಲು ಆಗುವುದಿಲ್ಲ. 850, 998ಕ್ಕೂ ಕವರ್ ಇರುತ್ತದೆ, ಆದ್ದರಿಂದ 11 ಬಿಗಿತ, ಕವರ್ ಎರಡೂ ಒಟ್ಟಿಗೆ ಇದ್ದರೆ ಮಾತ್ರ ಮುಂದಿನ ಮಾತು.

ನಿಜವಾದ ಪರೀಕ್ಷೆ ಕ್ರ್ಯಾಂಕ್‌ಶಾಫ್ಟ್, ಅಂದರೆ ಪಿಸ್ಟನ್ನಿನ ಏರಿಳಿತದಿಂದ ತಿರುಗುವ ದಂಡ. ಮಿನಿಯಲ್ಲಿ ಗೇರ್‌ಬಾಕ್ಸ್ ಎಂಜಿನ್ನಿನ ಕೆಳಗೇ, ಸಂಪಿನ ಒಳಗೇ ಇರುವುದರಿಂದ ಬಿಗ್ ಎಂಡ್ (ಪಿಸ್ಟನ್ನಿನ ರಾಡು ಕ್ರ್ಯಾಂಕಿಗೆ ಕೂರುವ ಕಡೆ) ನೋಡಬೇಕೆಂದರೆ ಎಂಜಿನ್ ಇಳಿಸಿ ಎರಡನ್ನೂ ಬೇರ್ಪಡಿಸಲೇಬೇಕು. ಮಾರುವವರು ಒಪ್ಪಿಕೊಳ್ಳುವುದಿಲ್ಲ ಎಂಬುದೇ ತೊಂದರೆ, ಆದರೆ ಒಪ್ಪಿಸಿ. ಎಸ್ ಕ್ರ್ಯಾಂಕಿನ ಬಿಗ್ ಎಂಡ್ ಜರ್ನಲ್ (ಬೇರಿಂಗ್ ಕೂರುವ ದುಂಡು ಭಾಗ) 41.28 ಮಿಮೀ ವ್ಯಾಸ, ಬ್ಲಾಕಿನಲ್ಲಿ ಕೂರುವ ಮೇನ್ ಜರ್ನಲ್ 50.8 ಮಿಮೀ. ಎಸ್ ಅಲ್ಲದ 1275ರ ಬಿಗ್ ಎಂಡ್ 44.45 ಮಿಮೀ. ಮೈಕ್ರೋಮೀಟರ್ ಹಚ್ಚಿದರೆ ಅರ್ಧ ನಿಮಿಷದಲ್ಲಿ ತೀರ್ಪು. ಒಮ್ಮೆ ಗ್ರೈಂಡ್ ಆಗಿದ್ದರೆ ಸುಮಾರು 0.25 ಮಿಮೀ ಕಡಿಮೆ ಬರುತ್ತದೆ, 41.02 ಕಂಡರೆ ಗಾಬರಿ ಬೇಡ. ಹರಿಹರ ಅಂದರೆ ಮೈಸೂರು ಕಿರ್ಲೋಸ್ಕರ್ ಲೇತ್ ತಯಾರಾದ ಊರು. ಜರ್ನಲ್ಲನ್ನು ಎರಡು ದಿಕ್ಕಿನಲ್ಲಿ ಅಳೆದು ಮೊಟ್ಟೆಯಾಗಿದೆಯೋ ಇಲ್ಲವೋ ಹೇಳುವ ಟರ್ನರುಗಳಿಗೆ ಈ ಭಾಗದಲ್ಲಿ ಬರವಿಲ್ಲ.

ಇಲ್ಲೊಂದು ಬಲೆಯಿದೆ. 44.45ರ ಜರ್ನಲ್ಲನ್ನು ಕೇಂದ್ರ ಸರಿಸಿ (ಆಫ್‌ಸೆಟ್) ಗ್ರೈಂಡ್ ಮಾಡಿ 41.28ಕ್ಕೆ ಇಳಿಸುವುದು ರೇಸ್ ಎಂಜಿನ್ ಕಟ್ಟುವವರ ಹಳೇ ವಿದ್ಯೆ, ಸ್ಟ್ರೋಕ್ (ಪಿಸ್ಟನ್ ಏರಿಳಿಯುವ ದೂರ) ಉದ್ದವಾಗಲಿ ಅಂತ. ಮೋಸದ ಉದ್ದೇಶ ಇರಬೇಕೆಂದೇನಿಲ್ಲ, ಆದರೆ ಅದು ಎಸ್ ಕ್ರ್ಯಾಂಕ್ ಅಲ್ಲ. ಹೆಡ್ ಬಿಚ್ಚಿದಾಗ ಡೆಪ್ತ್ ವರ್ನಿಯರ್ ಇಟ್ಟು ಪಿಸ್ಟನ್ ಪೂರ್ತಿ ಮೇಲಿದ್ದಾಗ ಒಮ್ಮೆ, ಪೂರ್ತಿ ಕೆಳಗಿದ್ದಾಗ ಒಮ್ಮೆ ಅಳೆದು ಕಳೆಯಿರಿ. 1275 ಎಸ್‌ನ ಸ್ಟ್ರೋಕ್ 81.33. ಕೇಂದ್ರ ಸರಿಸಿ ಗ್ರೈಂಡ್ ಆದದ್ದು ಹೆಚ್ಚೆಂದರೆ 84.5ರವರೆಗೂ ಹೋಗುತ್ತದೆ. ಬೋರ್ (ಸಿಲಿಂಡರಿನ ಒಳ ಅಗಲ) 70.6 ಇರಬೇಕು. ರೇಸಿಗೆ 20 ಥೌ (ಸುಮಾರು 0.5 ಮಿಮೀ) ಬೋರ್ ಮಾಡಿಸಿದ್ದರೆ 71.1, ಆಗ ಎಂಜಿನ್ ಸುಮಾರು 1293 ಸಿಸಿ. ಅದು ಆ ಕಾಲದ ರೂಢಿ, ತಪ್ಪಲ್ಲ. 1071, 970 ಸಿಸಿಯ ಎಸ್ ಕಾರುಗಳಿಗೂ ಬೋರ್ ಇದೇ, ಸ್ಟ್ರೋಕ್ ಮಾತ್ರ 68.26 ಮತ್ತು 61.91.

ಮುಂದಿನ ಬ್ರೇಕ್ ಡಿಸ್ಕ್ ಎಸ್‌ನಲ್ಲಿ 190.5 ಮಿಮೀ, ಸಾದಾ ಕೂಪರ್‌ನಲ್ಲಿ 177.8. ಬ್ರೇಕು, ವೀಲು, ಜೋಡಿ ಎಸ್‌ಯು ಕಾರ್ಬ್ಯುರೇಟರು ಇವೆಲ್ಲ ಬೋಲ್ಟು ಬಿಚ್ಚಿ ಹಾಕುವ ಸಾಮಾನು. ಇದ್ದರೆ ಒಳ್ಳೆಯದು, ಇದ್ದ ಮಾತ್ರಕ್ಕೆ ಏನೂ ಸಾಬೀತಾಗದು.

ಬಾಡಿಗೆ ಬನ್ನಿ. 1966ರ ಜನವರಿಯಿಂದ ಎಸ್‌ಗೆ ಬಲಗಡೆಯೂ ಒಂದು ಪೆಟ್ರೋಲ್ ಟ್ಯಾಂಕು ಕಡ್ಡಾಯವಾಗಿ ಬಂತು, ಅದಕ್ಕೂ ಮುಂಚೆ ಬೇಕೆಂದವರಿಗೆ ಹಾಕಿಕೊಡುತ್ತಿದ್ದರು. ತಲಾ ಸುಮಾರು 25 ಲೀಟರ್. ಬಲಗಡೆಯ ಫಿಲ್ಲರ್ ತೂತಿನ ಒಳ ಅಂಚಿಗೆ ಬೆರಳು ಹಾಕಿ. ಎಡಗಡೆಯ ಅಂಚು ಹೇಗಿದೆಯೋ ಬಲಗಡೆಯದೂ ಹಾಗೇ ಇರಬೇಕು. ಹೋಲ್ ಸಾ ಹಾಕಿ ಕೊರೆದದ್ದು ಹರಿತವಾಗಿ ಬೆರಳಿಗೆ ಕಚ್ಚುತ್ತದೆ, ಬಣ್ಣದಡಿಯಿಂದ ತುಕ್ಕು ಇಣುಕುತ್ತದೆ. ಇನ್ನು ಸಸ್ಪೆನ್ಷನ್: 1964ರ ಕೊನೆಯಿಂದ ರಬ್ಬರ್ ಕೋನಿನ ಬದಲು ಹೈಡ್ರೋಲಾಸ್ಟಿಕ್, ಅಂದರೆ ಮುಂದಿನ, ಹಿಂದಿನ ಚಕ್ರಗಳ ನಡುವೆ ಪೈಪಿನಲ್ಲಿ ದ್ರವ ಓಡುವ ವ್ಯವಸ್ಥೆ ಬಂತು. ರೇಸಿನವರು ಅದನ್ನು ಕಿತ್ತು ಮತ್ತೆ ರಬ್ಬರ್ ಹಾಕುತ್ತಿದ್ದುದುಂಟು. 1965ರ ಕಾರು ಅಂತ ಹೇಳಿ ರಬ್ಬರ್ ಕೋನ್ ತೋರಿಸಿದರೆ ಜಗಳ ಬೇಡ, ಕಾರಿನಡಿ ಮಲಗಿ ನೆಲಹಾಸಿನ ಉದ್ದಕ್ಕೂ ಆ ಹಳೇ ಪೈಪಿನ ಕ್ಲಿಪ್ಪುಗಳ ಗುರುತು ಹುಡುಕಿ. ಕ್ಲಿಪ್ಪಿನ ಗುರುತು ನಕಲು ಮಾಡುವ ತಾಳ್ಮೆ ಯಾರಿಗೂ ಇರುವುದಿಲ್ಲ.

ತುಕ್ಕೂ ಸಾಕ್ಷಿ ಹೇಳುತ್ತದೆ. ಚಿತ್ರದುರ್ಗದ ಒಣ ಹವೆಯಲ್ಲಿ ತಗಡು ಚೆನ್ನಾಗಿ ಉಳಿಯುತ್ತದೆ. ಆದರೆ ಹತ್ತು ವರ್ಷ ಮದ್ರಾಸಿನಲ್ಲಿ ಇತ್ತು ಎನ್ನುವ ಮಿನಿಯ ಸಿಲ್ಲು (ಬಾಗಿಲ ಕೆಳಗಿನ ತಗಡು), ಹಿಂದಿನ ಸಬ್‌ಫ್ರೇಮು ಎರಡೂ ಅಷ್ಟೇ ಚೊಕ್ಕವಿದ್ದರೆ ರಿಪೇರಿ ಬಿಲ್ ಕೇಳಿ. ತೆಳು ಬಟ್ಟೆ ಸುತ್ತಿದ ಅಯಸ್ಕಾಂತ ಹಿಡಿದು ಸಿಲ್ಲಿನ ಉದ್ದಕ್ಕೂ ಸರಿಸಿ, ಹಿಡಿತ ಸಡಿಲವಾದ ಕಡೆ ತಗಡಿನ ಬದಲು ಪುಟ್ಟಿ ತುಂಬಿದ್ದಾರೆ.

ರೇಸಿನಲ್ಲಿ ಓಡಿತ್ತೋ ಇಲ್ಲವೋ ಎಂಬುದು ಬೇರೆಯೇ ಪ್ರಶ್ನೆ, ಅಸಲಿ ಎಸ್ ಕೂಡ ಡಾಕ್ಟರರ ಮನೆಯ ಕಾರಾಗಿಯೇ ಉಳಿದಿರಬಹುದು. ಮ್ಯಾಟ್ ಎತ್ತಿ ನೆಲ ನೋಡಿ. ರೋಲ್ ಕೇಜ್ ಕಾಲೂರಿದ ಕಡೆ ತೂತು ಮುಚ್ಚಿದ ವೆಲ್ಡ್ ಬಿಲ್ಲೆಗಳು, ಸೀಟ್ ಬೆಲ್ಟಿಗೆ ಕೆಳಗಿನಿಂದ ಕೊಟ್ಟ ದಪ್ಪ ಪ್ಲೇಟು ಸಿಗಬೇಕು. ಮಾಲೀಕರ ಒಪ್ಪಿಗೆಯಿದ್ದರೆ ಬಾಗಿಲಿನ ನಡುವೆ ರೂಪಾಯಿಯಗಲ ಜಾಗವನ್ನು 1000 ನಂಬರಿನ ಉಜ್ಜು ಕಾಗದದಲ್ಲಿ ನೀರು ಹಾಕಿ ಮೆಲ್ಲಗೆ ಉಜ್ಜಿ. ಮೇಲಿನ ಕೆಂಪು, ಅದರಡಿ ಬೂದು ಪ್ರೈಮರ್, ಅದರಡಿ ಬಿಳಿ, ಬಿಳಿಯ ಅಂಚಿನಲ್ಲಿ ಕಪ್ಪು ಬಣ್ಣದ ಬಾಗಿದ ಗೆರೆ ಕಂಡರೆ ಅದು ಹಳೇ ರೇಸ್ ನಂಬರಿನ ಬಿಲ್ಲೆ. ಹಳೇ ಫೋಟೋ ಕೊಟ್ಟರೆ ನಂಬರ್ ಪ್ಲೇಟ್ ಹೋಲಿಸಬೇಡಿ, ಕೈಯಲ್ಲಿ ಕೊರೆದ ತೂತುಗಳ ಜಾಗ ಹೋಲಿಸಿ.

ಕೊನೆಗೆ ಕಾಗದ. ಇಂಗ್ಲೆಂಡಿನ ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟಾರ್ ಮ್ಯೂಸಿಯಂ ಚಾಸಿ ನಂಬರ್ ಕೊಟ್ಟರೆ ಹೆರಿಟೇಜ್ ಸರ್ಟಿಫಿಕೇಟ್ ಕೊಡುತ್ತದೆ. ತಯಾರಾದ ದಿನ, ಮೂಲ ಎಂಜಿನ್ ನಂಬರ್, ಬಾಡಿ ನಂಬರ್, ಬಣ್ಣ, ಯಾವ ದೇಶಕ್ಕೆ ಕಳಿಸಿದರು ಎಲ್ಲ ಅದರಲ್ಲಿರುತ್ತದೆ. ಅಂತರರಾಷ್ಟ್ರೀಯ ಮೋಟಾರ್ ಕ್ರೀಡಾ ಸಂಸ್ಥೆ ಎಫ್‌ಐಎಯ ಹಿಸ್ಟಾರಿಕ್ ಪಾಸ್‌ಪೋರ್ಟ್ ತೋರಿಸಿದರೆ ಮೈಮರೆಯಬೇಡಿ, ಅದು ಕಾರು ಆ ಕಾಲದ ನಿಯಮಕ್ಕೆ ತಕ್ಕಂತಿದೆ ಎನ್ನುತ್ತದೆಯೇ ಹೊರತು ಇದೇ ಆ ಕಾರು ಎನ್ನುವುದಿಲ್ಲ. ಇಲ್ಲಿನ ದಾಖಲೆಗೆ ಆರ್‌ಟಿಒದಿಂದ ಬಿ ಎಕ್ಸ್‌ಟ್ರಾಕ್ಟ್ (ನೋಂದಣಿ ದಾಖಲೆಯ ನಕಲು) ತೆಗೆಸಿ. ಅರವತ್ತರ ದಶಕದ ಕಾರಿಗೆ ಕೆಎ-16 ಅಥವಾ ಕೆಎ-17 ನಂಬರ್ ಇದ್ದರೆ ಅದು ಆಮೇಲೆ ಬಂದದ್ದು, ಹಿಂದಿನ ನಂಬರ್ ಏನಿತ್ತು, ಎಂಜಿನ್ ಬದಲಾದದ್ದು ಬರೆಸಿದ್ದಾರೋ ನೋಡಿ. ಪೆನ್ಸಿಲ್ ಪ್ರಿಂಟಿಗಾಗಿ (ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ತೆಗೆಯುವ ಅಚ್ಚು) ಇಲ್ಲಿಯೇ ಬಾಡಿಯ ಮೇಲೆ ಚಾಸಿ ನಂಬರ್ ಪಂಚ್ ಹೊಡೆಸಿರುವುದುಂಟು, ಅಷ್ಟಕ್ಕೇ ನಕಲಿ ಎನ್ನಬೇಡಿ. 2021ರ ವಿಂಟೇಜ್ ನಿಯಮದಲ್ಲಿ 50 ವರ್ಷ ದಾಟಿದ ಕಾರಿಗೆ 20,000 ರೂಪಾಯಿ ಕಟ್ಟಿ ವಿಎ ಸರಣಿಯ ನಂಬರ್ ಪಡೆಯಬಹುದು, ಆದರೆ ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲಿರಬೇಕು. ರೇಸಿಗಾಗಿ ಕತ್ತರಿಸಿದ ಕಾರಿಗೆ ಇದೇ ತೊಡಕು, ಬೆಲೆ ಮಾತಾಡುವ ಮುಂಚೆಯೇ ಯೋಚಿಸಿ.

ಅಡ್ವಾನ್ಸ್ ಕೊಡುವುದಾದರೆ "ಎಂಜಿನ್ ಬಿಚ್ಚಿ ಅಳತೆ ಸರಿ ಬಂದರೆ ಮಾತ್ರ" ಎಂದು ಬರೆಸಿಕೊಳ್ಳಿ. ಬಿಚ್ಚುವ ಖರ್ಚು, ಗ್ಯಾಸ್ಕೆಟ್ ಸೆಟ್ ನಿಮ್ಮದು. ಬೇರಿಂಗ್ ಕ್ಯಾಪ್ ತೆಗೆಯುವ ಮುಂಚೆ ಕ್ಯಾಪು, ರಾಡು ಎರಡಕ್ಕೂ ಒಂದೇ ಬದಿಯಲ್ಲಿ ನಂಬರ್ ಗುರುತು ಹಾಕಿಸಿ. ಅದಲುಬದಲಾಗಿ ಕೂತರೆ ಅಸಲಿ ಕ್ರ್ಯಾಂಕೇ ಕೆರೆದು ಹೋಗುತ್ತದೆ.